ದಸ್ತಗೀರನ ಹನ್ನೆರಡು ಕಲ್ಲು

ಗುಲಾಮ ದಸ್ತಗೀರನನ್ನು ನಾನು ಹುಡುಕಿಕೊಂಡು ಹೋದದ್ದು ಅವನಿಗೆ ಎರಡು ಏಟು ಹಾಕಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಮೊದಲ ದಿನದಿಂದಲೇ ಪ್ರೀತಿ ಇದ್ದ ಹಾಗೆ ಬರೆಯುತ್ತಾರೆ. ನನಗೆ ಹಾಗೆ ಬರೆಯಲು ಬರುವುದಿಲ್ಲ.

ನಾನು ಗೌಂಡಿ. ಚಿತ್ತಾಪುರ, ಸೇಡಂ, ವಾಡಿ ಈ ಕಡೆಯ ಮನೆಗಳಿಗೆ ಶಹಾಬಾದಿನ ಪರಸಿ ಕಲ್ಲು ಹಾಸುವುದು ನನ್ನ ಕೆಲಸ. ನೆಲ ಸಮ ಮಾಡಿ, ಸುಣ್ಣದ ಗಚ್ಚು ಹರಡಿ, ಅದರ ಮೇಲೆ ಕಲ್ಲು ಕೂಡಿಸಬೇಕು. ಕೂಡಿಸುವ ಮೊದಲು ಕಲ್ಲಿಗೆ ಹೊಟ್ಟೆ ತುಂಬ ನೀರು ಕುಡಿಸಬೇಕು. ಒಣ ಕಲ್ಲು ಗಚ್ಚಿನ ನೀರನ್ನೆಲ್ಲ ತಾನೇ ಹೀರಿಬಿಡುತ್ತದೆ. ಆಮೇಲೆ ಗಚ್ಚು ಹಿಡಿಯುವುದಿಲ್ಲ, ಕಾಲಿಟ್ಟರೆ ಕಲ್ಲು ಟೊಳ್ಳು ಸಪ್ಪಳ ಮಾಡುತ್ತದೆ. ಅದಕ್ಕೇ ಬಂಡಿಯಿಂದ ಕಲ್ಲು ಇಳಿದ ಕೂಡಲೇ ಕೂಲಿ ಹೆಣ್ಣುಮಕ್ಕಳು ಕೊಡಗಟ್ಟಲೆ ನೀರು ಹೊಯ್ಯುತ್ತಾರೆ. ನಾನು ಕೈ ಹಚ್ಚುವ ಹೊತ್ತಿಗೆ ಕಲ್ಲು ತೊಯ್ದು ಕಪ್ಪಗೆ ಮಿಂಚುತ್ತಿರುತ್ತದೆ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷ ಕಳೆದಿತ್ತು. ಸೇಡಮಿನಲ್ಲಿ ಒಂದು ಮನೆಯ ಕಟ್ಟೆಗೆ ಕಲ್ಲು ಹಾಸುತ್ತಿದ್ದೆ. ಖಣಿಯವರು ಅಂಚು ಮುರಿದ ಕಲ್ಲು ಕಳಿಸಿದ್ದರೆಂದು ಎಂಟು ದಿನ ಮೊದಲು ಶಹಾಬಾದಿಗೆ ಹೋಗಿ, ಅಲ್ಲಿ ಲೆಕ್ಕ ಬರೆಯುವ ಮುನ್ಸಿಯ ಮೇಲೆ ಎಲ್ಲರ ಮುಂದೆ ಕೂಗಾಡಿ ಬಂದಿದ್ದೆ. ಹೊಸ ಕಲ್ಲು ಬಂತು. ಅದೇ ದಿನ ಬಾವಿಯ ಹಗ್ಗ ಹರಿದು ಕೊಡ ಒಳಗೆ ಬಿತ್ತು. ನೀರಿಲ್ಲ. ಸುಮ್ಮನೆ ಕೂಡುವುದು ನನ್ನಿಂದ ಆಗುವುದಿಲ್ಲ, ಅಂಚು ನೋಡೋಣ ಎಂದು ಒಂದು ಕಲ್ಲು ತಿರುವಿದೆ.

ಕೆಳಗಿನ ಮುಖದಲ್ಲಿ ಇದ್ದಲಿಯಿಂದ ಬರೆದ ಒಬ್ಬ ಮನುಷ್ಯ. ತಲೆಯ ಪಟಗ ಹಿಂದಕ್ಕೆ ಜಾರಿದೆ. ಗಚ್ಚು ಸವರುವ ಕರಣಿ ಹಿಡಿದ ಕೈ ಮೇಲೆದ್ದಿದೆ, ಒಂದು ಕಾಲು ನೆಲ ಬಿಟ್ಟಿದೆ. ಮುಖವಿರಬೇಕಾದಲ್ಲಿ ಬರಿದು. ಕಣ್ಣಿಲ್ಲ, ಮೂಗಿಲ್ಲ. ಆ ಬರಿದಿನಿಂದ ಉಗುಳು ಮಾತ್ರ ಹನಿಹನಿಯಾಗಿ ಹಾರುತ್ತಿದೆ.

ಕೂಲಿಗೆ ಬಂದ ಭಾಗಮ್ಮ ಬಗ್ಗಿ ನೋಡಿದಳು. "ಅಯ್ಯ, ಇದು ನಮ್ಮ ಗೌಂಡ್ಯಾರs!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಎರಡನೆಯ ಕಲ್ಲು ತಿರುವಿದೆ. ಅದೇ ಮನುಷ್ಯ, ಕಾಲು ಸ್ವಲ್ಪ ಕೆಳಗೆ ಬಂದಿದೆ, ಧೋತರದ ಗಂಟು ಸಡಿಲಾಗಿದೆ. ಮೂರನೆಯದರಲ್ಲಿ ಧೋತರ ಸೊಂಟದಿಂದ ಇಳಿದಿದೆ. ಏಳನೆಯ ಕಲ್ಲಿಗೆ ಬರುವಷ್ಟರಲ್ಲಿ ಧೋತರ ಪೂರ್ತಿ ನೆಲದ ಮೇಲೆ. ಮನುಷ್ಯ ಮಾತ್ರ ಹಾಗೆಯೇ ಕರಣಿ ಎತ್ತಿಕೊಂಡು ಉಗುಳು ಹಾರಿಸುತ್ತಿದ್ದಾನೆ.

ಹೆಣ್ಣುಮಕ್ಕಳು ನಕ್ಕ ನಗುವಿಗೆ ಓಣಿಯವರೆಲ್ಲ ಹೊರಗೆ ಬಂದರು. ಮರುದಿನ ಬೆಳಿಗ್ಗೆ ಏಳನೆಯ ಕಲ್ಲನ್ನು ಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡು ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ಬದಲಿಸಿದೆ. ದಾರಿಯುದ್ದಕ್ಕೂ ಸಿಟ್ಟು ಇಳಿಯದ ಹಾಗೆ ನೋಡಿಕೊಂಡೆ.

ಖಣಿಯಲ್ಲಿ ಚೀಲ ಕೊಡವಿ ಕಲ್ಲನ್ನು ನಡುವೆ ಇಟ್ಟೆ. "ಯಾವ ಮಗಾ ಬರದಾನ ಇದು? ಎದ್ದು ಬಾ!"

ಕಲ್ಲು ಕಡಿಯುವ ಛಿನ್ನಿಗಳ ಸಪ್ಪಳ ನಿಂತಿತು. ಕಲ್ಲಿನ ಅಂಚು ಕಡಿಯುತ್ತಿದ್ದ ಒಬ್ಬ ಬಡಕಲು ಮನುಷ್ಯ ಎದ್ದು ನಿಂತ. ಕಲ್ಲಿನ ಧೂಳು ಕೂತು ಅವನ ರೆಪ್ಪೆಗಳೂ ಬೆಳ್ಳಗಾಗಿದ್ದವು.

"ನಾನs ರಿ. ಯಾಕ, ಹೋಲಂಗಿಲ್ಲೇನು?"

"ಹೋಲೂದು ಹಾಳಾಗಲಿ, ನನ್ನ ಧೋತರ ಬಿಚ್ಚೀದಿ!"

"ನಾ ಬಿಚ್ಚಿಲ್ರಿ. ಅವತ್ತು ಅದs ಬಿಚ್ಚಿತ್ತು. ಬೈಯೂ ಭರದಾಗ ನಿಮಗ ಖಬರ್ ಇದ್ದಿಲ್ಲ. ಮುನ್ಸಿ ಸಾಹೇಬರು ಅದಕ್ಕs ತಲಿ ಕೆಳಗ ಹಾಕಿದ್ರು, ನಿಮಗ ಅಂಜಿ ಅಲ್ಲ."

ಖಣಿ ಪೂರ್ತಿ ನಕ್ಕಿತು. ನಾನು ಕೈ ಎತ್ತಿದೆ. ಅವನು ಹಿಂದೆ ಸರಿಯಲಿಲ್ಲ. ಬೇರೆಯೇ ಏನೋ ಕೇಳಿದ.

"ಎಷ್ಟು ಕಲ್ಲು ನೋಡಿದ್ರಿ?"

"ಏಳು."

"ಏಳೂ? ಸಾಲಾಗಿ? ಒಂದಾದ ಮ್ಯಾಲ ಒಂದು?"

"ಹೌದು. ಏನೀಗ?"

ಅವನು ಅಲ್ಲೇ ಕುಂತುಬಿಟ್ಟ. ಕೈಯಲ್ಲಿದ್ದ ಸುತ್ತಿಗೆ ನೆಲಕ್ಕೆ ಇಟ್ಟ. "ಒಂಬತ್ತು ವರ್ಷಾತು ಬರೀಲಿಕತ್ತು. ನೋಡಿದವರು ನೀವs ಮೊದಲು."

ಎತ್ತಿದ ಕೈ ಹಾಗೇ ಇತ್ತು, ಇಳಿಸುವುದು ಹೇಗೆಂದು ತಿಳಿಯಲಿಲ್ಲ. "ಮತ್ತ್ಯಾಕ ಬರೀತಿ?" ಎಂದೆ.

"ಮ್ಯಾಲಿನ ಮಾರಿ ಮಾಲಕಂದು. ಅದಕ್ಕ ಒಂದು ಗೆರಿ ಬಿದ್ರೂ ಬೈತಾರ. ಕೆಳಗಿಂದು ಯಾರದೂ ಅಲ್ಲ. ಹೆಂಗೂ ನೀವು ಗೌಂಡ್ಯಾರು ನೀರು ಹೊಯ್ತೀರಿ, ಹೋಗ್ತದ. ಯಾರಿಗೂ ಲುಕ್ಸಾನಿಲ್ಲ."

ಒಂಬತ್ತು ವರ್ಷದಲ್ಲಿ ಈ ಖಣಿಯಿಂದ ನನಗೆ ಬಂದ ಬಂಡಿಗಳೆಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಅಷ್ಟನ್ನೂ ತೊಳೆದವನು ನಾನು. ಅದಾದ ಮೇಲೆ ಅವನನ್ನು ಹೊಡೆಯುವುದು ಹೇಗೆ?

ಊಟದ ಹೊತ್ತಿಗೆ ಅವನು ಇನ್ನೊಂದು ತೋರಿಸಿದ. ಖಣಿಯಲ್ಲಿ ಕಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒಂದಕ್ಕೊಂದು ಆನಿಸಿ ಇಡುತ್ತಾರೆ, ಪುಸ್ತಕದ ಹಾಳೆ ನಿಲ್ಲಿಸಿದ ಹಾಗೆ. ಒಂದಡಿ ಚೌಕದ ಹದಿನಾಲ್ಕು ಕಲ್ಲು ಹಾಗೆ ನಿಂತಿದ್ದವು. ದಸ್ತಗೀರ ಮುಂದೆ ಕುಂತು, ಒಂದೊಂದನ್ನೇ ತನ್ನ ಕಡೆ ಎಳೆದು ಬೀಳಿಸುತ್ತ ಹೋದ. ಟಪ್, ಟಪ್, ಟಪ್. ಮುನ್ಸಿಯ ಕೈಯಲ್ಲಿ ರೊಟ್ಟಿ. ಕಾಗೆ ಬಂತು. ರೆಕ್ಕೆ ಎತ್ತಿತು, ಇಳಿಸಿತು. ರೊಟ್ಟಿ ಹೋಯಿತು. ಮುನ್ಸಿ ಆಕಾಶ ನೋಡುತ್ತ ಬರಿಗೈ ಬಾಯಿಗಿಟ್ಟುಕೊಂಡ. ನಾನು ಕಂಡದ್ದನ್ನೇ ಹೇಳುತ್ತೇನೆ, ಕಲ್ಲಿನ ಮೇಲೆ ಆ ಕಾಗೆ ಹಾರಿತು.

"ಇನ್ನೊಮ್ಮೆ ಮಾಡು," ಎಂದೆ.

"ಸಿಟ್ಟು ಇಳೀತೇನು ಗೌಂಡ್ಯಾರ?"

"ಬಾಯಿ ಮುಚ್ಚಿ ಮಾಡು."

ಹೀಗೆ ಶುರುವಾದದ್ದು ನಮ್ಮ ಗೆಳೆತನ. ಅವನ ಹಿಂದಿನ ಕತೆ ಸ್ವಲ್ಪ ಸ್ವಲ್ಪ ತಿಳಿಯುತ್ತ ಬಂತು. ಹುಟ್ಟಿದ್ದು ಮಳಖೇಡದಲ್ಲಿ. ಹಾಳು ಕೋಟೆಯ ಗೋಡೆಗಳೇ ಅವನ ಪಾಟಿ. ಎರಡು ವರ್ಷ ಸಾಲೆಗೆ ಹೋದ. ಮಾಸ್ತರು ಕುರ್ಚಿಯಲ್ಲಿ ತೂಕಡಿಸುವುದನ್ನು ಬಾಗಿಲ ಮೇಲೆ ಬರೆದದ್ದಕ್ಕೆ ಅವರು ಹೊರಗೆ ಹಾಕಿದರು. ಅಪ್ಪ ಕಲ್ಲಿನ ಕೆಲಸಕ್ಕೆ ಹಚ್ಚಿದ. ಛಿನ್ನಿ ಕಾಯಿಸುವ ಕುಲುಮೆಯಲ್ಲಿ ಇದ್ದಲಿಗೆ ಬರವಿರಲಿಲ್ಲ, ಕಲ್ಲಿಗೂ ಇರಲಿಲ್ಲ. ಚಿಂಚೋಳಿ ಕಡೆಯ ಜೈತುನ್ಬೀಯನ್ನು ಮದುವೆಯಾದ. ಒಬ್ಬನೇ ಮಗ, ಖಾಜಾ.

ಚಿತ್ರ ಓಡಿಸುವ ವಿದ್ಯೆ ಮಗನಿಂದ ಬಂದದ್ದು. ಖಾಜಾನಿಗೆ ತಂಬು ಟಾಕೀಜಿನ ಹುಚ್ಚು. ಅಲ್ಲಿ ಮಶಿನ್ ಹೊಡೆಯುವವನು ಹರಿದು ಬಿಸಾಕಿದ ಒಂದು ಗೇಣು ರೀಲು ತಂದು ಅಪ್ಪನಿಗೆ ಕೊಟ್ಟಿದ್ದ. ದಸ್ತಗೀರ ಅದನ್ನು ಟೊಪ್ಪಿಗೆಯ ಮಡಿಕೆಯಲ್ಲಿ ಇಟ್ಟುಕೊಂಡೇ ಇರುತ್ತಿದ್ದ. ನನಗೂ ಬಿಸಿಲಿಗೆ ಹಿಡಿದು ತೋರಿಸಿದ. ಆಟ ಶುರುವಾಗುವ ಮೊದಲು ತೋರಿಸುವ, ಕೈಯಿಂದ ಬರೆದ ಗೊಂಬೆ ಚಿತ್ರದ ತುಂಡು. ಒಂಬತ್ತು ಸಣ್ಣ ಸಣ್ಣ ಬೆಕ್ಕು. ಒಂದರಲ್ಲಿ ಬಾಲ ಇಲ್ಲಿ, ಇನ್ನೊಂದರಲ್ಲಿ ಎಳ್ಳಿನಷ್ಟು ಆಚೆ.

"ನೋಡು ಸಾಯಬಣ್ಣ, ಒಂದು ಬೆಕ್ಕು ಜಿಗೀಬೇಕಂದ್ರ ಎಷ್ಟು ಸಲ ಬರದಾನ," ಎನ್ನುತ್ತಿದ್ದ. ಅಷ್ಟರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದ್ದ. "ಯಾವ ದೇಶದಂವೋ, ಏನು ಹೆಸರೋ. ಆದ್ರ ಎಲ್ಲೋ ಒಂದು ಖೋಲ್ಯಾಗ ಬಗ್ಗಿ ಕುಂತು ಬರದಾನ. ಅಂವಗೂ ನಡಾ ನೊಂದಿರ್ತದ, ಅಂವನ ಹೆಂಡ್ತೀನೂ ಬೈದಿರ್ತಾಳ."

ಅಂದಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಬಂಡಿ ಬಂದ ಕೂಡಲೇ ಕೂಲಿಯವರನ್ನು ದೂರ ಕಳಿಸಿ, ಪ್ರತಿಯೊಂದು ಕಲ್ಲನ್ನೂ ನಾನೇ ತಿರುವಿ ನೋಡುತ್ತಿದ್ದೆ. ನೋಡಿ ಮುಗಿದ ಮೇಲೆಯೇ ನೀರು. ತಿಂಗಳಿಗೊಮ್ಮೆ ಶಹಾಬಾದಿಗೆ ಹೋಗಿ ಯಾವುದು ಚೆನ್ನಾಗಿತ್ತು, ಯಾವುದು ಬರಲಿಲ್ಲ ಎಂದು ಹೇಳಬೇಕು. "ಎತ್ತಿನ ಹಿಂಗಾಲು ತಪ್ಪ್ಯಾವ" ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಮುಂದಿನ ಬಂಡಿಯಲ್ಲಿ ಸರಿಯಾದ ಎತ್ತು ಬರುತ್ತಿತ್ತು.

ಒಂದು ದಿನ ನನ್ನನ್ನು ಮನೆಗೆ ಕರೆದೊಯ್ದ. ಎರಡು ಖೋಲಿಯ ಮನೆ, ಹಿಂದೆ ಸಣ್ಣ ಹಿತ್ತಲು. ಹಿತ್ತಲ ಗೋಡೆಗೆ ಹದಿನಾರು ಕಲ್ಲು ಸಾಲಾಗಿ ನಿಂತಿದ್ದವು, ಮೇಲೆ ತಗಡಿನ ಮರೆ. ಮಳೆಯ ಹನಿ ತಾಗದ ಹಾಗೆ ಮಾಡಿದ್ದ. ಜೈತುನ್ಬೀ ಭಾಬಿ ಅವುಗಳ ಮುಂದೆ ಕುಂತು ಒಂದೊಂದೇ ಬೀಳಿಸುತ್ತಿದ್ದಳು.

ಹೆಗಲ ಮೇಲೆ ತಗಡಿನ ಟ್ರಂಕು ಹೊತ್ತ ಒಬ್ಬ ಪ್ರಾಯದವನು ನಮಗೆ ಬೆನ್ನು ಮಾಡಿ ನಡೆದು ಹೋಗುತ್ತಿದ್ದಾನೆ. ಎಡಗಾಲು ಹೊರಗೆ ಅರ್ಧ ಸುತ್ತು ಹೋಗಿ ಆಮೇಲೆ ನೆಲಕ್ಕೆ ಬರುತ್ತದೆ. ಹೆಜ್ಜೆ ಹೆಜ್ಜೆಗೂ ಟ್ರಂಕು ಬಲಕ್ಕೆ ವಾಲುತ್ತದೆ. ಕಲ್ಲಿನಿಂದ ಕಲ್ಲಿಗೆ ಸಣ್ಣವನಾಗುತ್ತಾನೆ. ಹದಿನಾರನೆಯದರಲ್ಲಿ ಓಣಿಯ ತಿರುವಿನ ಹತ್ತಿರ ಬೆರಳಿನಷ್ಟಿದ್ದಾನೆ.

ಅದು ಖಾಜಾ. ಸಣ್ಣವನಿದ್ದಾಗ ಖಣಿಯಲ್ಲಿ ಕಾಲ ಮೇಲೆ ಕಲ್ಲು ಬಿದ್ದು ಆ ನಡಿಗೆ ಬಂದಿತ್ತು. ಪೊಲೀಸ್ ಆಕ್ಷನ್ ಆದಾಗ ಊರೂರಲ್ಲಿ ಮುಸಲ್ಮಾನರನ್ನು ಕೊಂದ ಆ ಕೆಟ್ಟ ದಿನಗಳಲ್ಲಿ ಅವನಿಗೆ ಹತ್ತೊಂಬತ್ತು. ಹೈದರಾಬಾದಿನ ಸೋದರಮಾವನ ಮನೆಯಲ್ಲಿ ಇದ್ದರೆ ಜೀವ ಉಳಿದೀತು ಎಂದು ಅಪ್ಪ ಅವ್ವನೇ ಟ್ರಂಕು ಹೊರಿಸಿ ಕಳಿಸಿದರು. ವಾಡಿಗೆ ಹೋಗಿ ರೈಲು ಹತ್ತಬೇಕಿತ್ತು. ಮಾವನ ಮನೆ ಮುಟ್ಟಲಿಲ್ಲ. ವಾಡಿಯಲ್ಲಿ ಹಮಾಲರನ್ನು ಕೇಳಿದರು, ಸ್ಟೇಷನ್ನಿನಲ್ಲಿ ಕೇಳಿದರು. ಆ ಕಾಲಿನವನನ್ನು ಕಂಡವರು ಯಾರೂ ಇರಲಿಲ್ಲ. ಏನಾಯಿತು ಎಂದು ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ.

ಹದಿನಾರೂ ಬಿದ್ದ ಮೇಲೆ ಭಾಬಿ ಕಡೆಯ ಕಲ್ಲಿನಿಂದ ಹಿಂದಕ್ಕೆ ಎತ್ತಿ ನಿಲ್ಲಿಸುತ್ತ ಬಂದಳು. ಆಗ ಖಾಜಾ ದೂರದ ತಿರುವಿನಿಂದ ಮನೆಯ ಕಡೆ ಬರತೊಡಗಿದ. ದೊಡ್ಡವನಾಗುತ್ತ ಬಂದ. ಆದರೆ ಬೆನ್ನು ನಮ್ಮ ಕಡೆಗೇ ಇತ್ತು.

"ನೋಡು ತಮ್ಮಾ," ಎಂದಳು ನನಗೆ. "ದಿನಾ ಬರ್ತಾನ ನನ್ನ ಮಗ. ಹಿಂದ ಹಿಂದ ನಡಕೋತ ಬರ್ತಾನ. ಒಮ್ಮಿ ತಿರುಗಿ ನೋಡು ಅಂತ ಇವರಿಗೆ ಎಷ್ಟು ಸಲ ಹೇಳೀನಿ. ತಿರುಗಿಸವಲ್ರು."

"ಮಾರಿ ಬರೀಬಾರದು ಜೈತುನ್," ಎಂದ ದಸ್ತಗೀರ. "ಬರದವಗ ನಾಳೆ ದೇವರ ಮುಂದ ಇದಕ್ಕ ಜೀವಾ ಕೊಡು ಅಂತ ಕೇಳ್ತಾರ. ಎಲ್ಲಿಂದ ತರ್ಲಿ?"

"ಮುನ್ಸಿ ರೊಟ್ಟಿಗಿ ಕಾಗಿ ಬರೀಲಿಕ್ಕ ಬರ್ತದ."

"ಕಾಗೀಗಿ ಸುದ್ದಾ ಕಣ್ಣು ಇಟ್ಟಿಲ್ಲ ನಾ."

ಅವಳು ಎದ್ದಳು. ಚಹಾ ತರಲು ಒಳಗೆ ಹೋದಳು. ಆಮೇಲೆ ಸ್ಟೇಷನ್ನಿನ ತನಕ ಕಳಿಸಲು ಬಂದ ದಸ್ತಗೀರ ಅರ್ಧ ದಾರಿಯಲ್ಲಿ ನಿಂತ.

"ಸಾಯಬಣ್ಣ, ಆಕೀಗಿ ಹೇಳಬ್ಯಾಡ. ದೇವರ ಮಾತೂ ಖರೇ. ಆದ್ರ ಅದೊಂದs ಅಲ್ಲ. ನನಗ ಅಂವನ ಮಾರಿ ನೆನಪಾಗವಲ್ದು." ತನ್ನ ಕೈ ಎತ್ತಿ ತೋರಿಸಿದ. "ಕೈಗಿ ಅಂವನ ನಡಿಗಿ ನೆನಪದ. ಬೆನ್ನು ನೆನಪದ. ಕಣ್ಣು ಮುಚ್ಚಿದ್ರ ಬೆನ್ನs ಬರ್ತದ. ಹೋಗೂ ಮುಂದ ತಿರುಗಿ ನೋಡಿದ್ದ, ಖರೇ. ಹೆಂಗ ನೋಡಿದ? ಹೆತ್ತ ಅಪ್ಪ ನಾ. ಮಾರಿ ಮರ್ತೀನಿ ಅಂತ ಆಕೀಗಿ ಹೆಂಗ ಹೇಳ್ಲಿ?"

ನನಗೆ ಸಮಾಧಾನದ ಮಾತು ಬರುವುದಿಲ್ಲ. "ಬಂದರ ಬರ್ತದ ಬಿಡು," ಎಂದೆ.

ಮೂರು ವರ್ಷ ಹೀಗೆ ಹೋದವು. ಕೊನೆಕೊನೆಗೆ ಕಲ್ಲಿನ ಧೂಳು ಅವನ ಎದೆಯೊಳಗೆ ಇಳಿಯಿತು. ಕೆಮ್ಮಿದರೆ ಕರ್ಚೀಫು ಕೆಂಪಾಗುತ್ತಿತ್ತು. ಖಣಿಯಲ್ಲಿ ಆ ಕೆಮ್ಮು ಹೊಸದಲ್ಲ, ಎಲ್ಲರಿಗೂ ಅದರ ಕೊನೆ ಗೊತ್ತು. ಬಂಡಿಯಲ್ಲಿ ಬರುವ ಚಿತ್ರಗಳು ಕಡಿಮೆಯಾದವು, ಆಮೇಲೆ ನಿಂತೇಬಿಟ್ಟವು. ಆದರೂ ನಾನು ಪ್ರತಿ ಕಲ್ಲು ತಿರುವಿ ನೋಡುವುದು ಬಿಡಲಿಲ್ಲ.

ಆ ಶ್ರಾವಣದಲ್ಲಿ ಚಿತ್ತಾಪುರದ ಮಹಾದೇವಮ್ಮನ ಹೊಸ ಮನೆಗೆ ಕಲ್ಲು ಹಾಸುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಕಟ್ಟಿಸಿದ ಮನೆ. ಮುಂದಿನ ಸೋಮವಾರ ಮಠದ ಸ್ವಾಮಿಗಳ ಪಾದ ಇಡಿಸುವುದೆಂದು ನಿಶ್ಚಯವಾಗಿತ್ತು. ಪಡಸಾಲೆಯೊಂದು ಉಳಿದಿತ್ತು. ಅದರ ಕಲ್ಲು ತರಬೇಕಾದ ಬಂಡಿಯ ಹಣಮಪ್ಪ ಈ ಸೋಮವಾರ ಬರುವವನು ಬುಧವಾರವಾದರೂ ಪತ್ತೆ ಇಲ್ಲ. ನೆನೆಸಿದ ಸುಣ್ಣ ಗಟ್ಟಿಯಾಗುತ್ತಿತ್ತು, ಕೂಲಿಯವರು ನೆರಳಿಗೆ ಕುಂತು ಎಲೆ ಅಡಿಕೆ ಹಾಕುತ್ತಿದ್ದರು. ಮಹಾದೇವಮ್ಮ ಗಳಿಗೆಗೊಮ್ಮೆ ಬಾಗಿಲಿಗೆ ಬಂದು, "ಏನ್ ಸಾಯಬಣ್ಣ, ಸ್ವಾಮಿಗಳಿಗೆ ಮಣ್ಣಿನ ಮ್ಯಾಲs ಪಾದ ಇಡ್ಸಲೇನು?" ಎನ್ನುವಳು.

ಬುಧವಾರ ಮಧ್ಯಾಹ್ನ ಬಂಡಿ ಬಂತು. ಹಣಮಪ್ಪ ಮೊಣಕಾಲ ತನಕ ಕೆಸರಾಗಿದ್ದ, ಮೈ ಪೂರ್ತಿ ತೊಯ್ದಿತ್ತು. ಚಳಿಗೆ ಹಲ್ಲು ಕಡಿಯುತ್ತಿದ್ದ. ಅವನ ಕಂಬಳಿ ಮಾತ್ರ ಬಂಡಿಯ ಮುಂಭಾಗದ ಒಂದಿಷ್ಟು ಕಲ್ಲಿಗೆ ಸುತ್ತಿತ್ತು.

"ಗೌಂಡ್ಯಾರ, ಕಾಗಿಣಾ ಹೊಳಿ ಬಂದಿತ್ತು, ಎರಡು ದಿನ ದಂಡಿ ಮ್ಯಾಲ..."

"ಹೊಳಿ ಬಂತು, ನಿನಗ ನಿದ್ದಿ ಬಂತು!"

"ಇಲ್ರಿ, ಒಂದು ಮಾತು ಕೇಳ್ರಿ, ಈ ಕಂಬಳ್ಯಾಗಿನವು..."

"ಕಲ್ಲಿಗಿ ಕಂಬಳಿ ಹೊಚ್ಚೀದಿ! ಯಾಕ, ಚಳಿ ಬಂದಿತ್ತೇನು ಅವಕ್ಕ? ಹಂಗs ಎರಡು ದಿನ ತೊಟ್ಟಲದಾಗ ತೂಗಿದೇನು?"

ಕೂಲಿಯವರು ನಕ್ಕರು. ನಗು ಕೇಳಿ ನನಗೆ ಇನ್ನಷ್ಟು ಏರಿತು.

"ಗೌಂಡ್ಯಾರ, ದಸ್ತಗೀರಣ್ಣ ಹೇಳ್ಯಾನ್ರಿ..."

"ಬಾಯಿ ಮುಚ್ಚು! ಇನ್ನ ಒಂದು ಮಾತಾಡಿದ್ರ ನೋಡು!"

ಕಂಬಳಿ ಹಿಡಿದು ಜಗ್ಗಿದೆ. ಕೆಳಗೆ ಹನ್ನೆರಡು ಕಲ್ಲು ಅಂಚಿನ ಮೇಲೆ ನಿಂತಿದ್ದವು, ಸೆಣಬಿನ ಹಗ್ಗದಿಂದ ಕಟ್ಟಿ. ಕೂಲಿಯವರು ತುಂಬಿ ಇಟ್ಟ ಕೊಡ ಅಲ್ಲೇ ಇತ್ತು. ಹೊತ್ತು ಹೋಗಿದೆ, ಮೂರು ವರ್ಷ ಒಮ್ಮೆಯೂ ತಪ್ಪದ್ದು ಅವತ್ತು ತಪ್ಪಿತು. ತಿರುವಿ ನೋಡಲಿಲ್ಲ. ಕೊಡ ಎತ್ತಿ ಬಂಡಿಯ ಮೇಲೆಯೇ ಸುರಿದೆ. ಒಂದು ಕೊಡ, ಅದರ ಹಿಂದೆ ಇನ್ನೊಂದು.

ಹಣಮಪ್ಪ ಎರಡೂ ಕೈ ಚಾಚಿ ಕಲ್ಲಿನ ಮೇಲೆ ಬಿದ್ದ. ಅವನ ಬೆನ್ನ ಮೇಲೂ ನೀರು ಬಿತ್ತು.

ಬಂಡಿಯಿಂದ ನೆಲಕ್ಕೆ ಇಳಿದ ನೀರು ಕಪ್ಪಗಿತ್ತು.

ಎಲ್ಲಕ್ಕಿಂತ ಮುಂದಿದ್ದ ಕಲ್ಲಿನ ಮೇಲೆ ನೀರು ಹರಿದು ಹೋಗುವ ಒಂದು ಗಳಿಗೆ ನನ್ನ ಕಣ್ಣಿಗೆ ಏನೋ ಬಿತ್ತು. ಕಿವಿ, ಕಿವಿಯ ಮುಂದೆ ಒಂದು ಗಲ್ಲ. ಎಳೆ ಗಡ್ಡದ ನಾಲ್ಕು ಗೀರು. ಅಷ್ಟೇ. ಅದೂ ಇಳಿದು ಹೋಯಿತು. ಹಗ್ಗ ಹರಿದು ಉಳಿದ ಹನ್ನೊಂದನ್ನೂ ತಿರುವಿದೆ. ಬರೀ ತೊಯ್ದ ಕಲ್ಲು.

ಹಣಮಪ್ಪ ಬಂಡಿಯ ಗಾಲಿಗೆ ಆನಿಕೊಂಡು ಕುಂತು ಹೇಳಿದ. ಆಗ ಅವನ ದನಿಯಲ್ಲಿ ನನ್ನ ಬಗ್ಗೆ ಭಯವೂ ಇರಲಿಲ್ಲ.

"ಖಣಿ ಹೊಂಡದಾಗ ಮಳಿ ನೀರು ನಿಂತದಲ್ರಿ. ಮಾರಿ ತೊಳಕೋಳ್ಲಿಕ್ಕ ಬಗ್ಗ್ಯಾನಂತ. ಜಡ್ಡಿಗಿ ಅಂವನ ಗಲ್ಲ ಒಳಗ ಹೋಗ್ಯಾವ, ಮಾರಿ ಸಣ್ಣ ಆಗ್ಯದ. ನೀರಿನಾಗ ತನ್ನ ಮಾರಿ ಕಂಡಿಲ್ಲಂತ, ಮಗ ಕಂಡನಂತ. ಆವಾಗಿಂದಾವಾಗ ಕುಂತು ಹನ್ನೆರಡು ಕಲ್ಲಿನ ಮ್ಯಾಲ ಬರದಾನ. ಖಾಜಾ ತಿರುಗಿ ನೋಡೂದು. ಹೆಂಡ್ತಿ ಅಕ್ಕನ ಮನಿಗಿ ಚಿಂಚೋಳಿಗಿ ಹೋಗ್ಯಾಳ. ಖಣ್ಯಾಗ ಇಟ್ರ ರೈಲಿನ ವ್ಯಾಗಿನ್ನಿಗಿ ತುಂಬತಾರ, ಮನಿಗಿ ಹೊರಲಿಕ್ಕ ಅಂವಗ ತಾಕತ್ತಿಲ್ಲ. ಸಾಯಬಣ್ಣನ ಬಂಡ್ಯಾಗ ಹಾಕು, ಅಂವಾ ತಿರುವಿ ನೋಡದs ನೀರು ಹಾಕಂಗಿಲ್ಲ, ಅಂವನ ಹಂತ್ಯಾಕ ಇದ್ರ ಭದ್ರ ಅಂದಾನ. ಶುಕ್ರವಾರ ನಾ ಜೈತುನ್ನ ಕರಕೊಂಡು ಬರ್ತೀನಿ ಅಂತ ಹೇಳು ಅಂದಾನ."

ಕಂಬಳಿ ಮಡಚುತ್ತ ಮತ್ತೆ ಅಂದ, "ಎರಡು ದಿನ ಮಳ್ಯಾಗ ಒಂದು ಹನಿ ಬೀಳಗೊಟ್ಟಿಲ್ಲ ನಾ."

ನಾನು ಅವತ್ತೇ ಹೊರಡಬೇಕಿತ್ತು. ಹೊರಡಲಿಲ್ಲ. ಹೋಗಿ ಏನು ಹೇಳಲಿ ಎಂದು ಕುಂತೆ. ಇನ್ನೊಮ್ಮೆ ಬರೆ ಎಂದು ಕಾಲು ಹಿಡಿದರೆ ಬರೆದಾನು ಎಂದುಕೊಂಡು ಗುರುವಾರ ಬೆಳಿಗ್ಗೆ ಎದ್ದೆ. ಅಷ್ಟರಲ್ಲಿ ವಾಡಿಯಿಂದ ಬಂದವರು ಸುದ್ದಿ ತಂದರು. ದಸ್ತಗೀರನಿಗೆ ಬುಧವಾರ ಸಂಜೆ ಕೆಮ್ಮು ಶುರುವಾಗಿ ನಿಲ್ಲಲಿಲ್ಲವಂತೆ, ರಾತ್ರಿಯೇ ಹೋದನಂತೆ. ಮಣ್ಣಿಗೆ ಹೋದೆ. ಮೂರು ಹಿಡಿ ಮಣ್ಣು ಹಾಕಿದೆ. ಅವನ ಟೊಪ್ಪಿಗೆಯನ್ನು ಯಾರೋ ಮಡಚಿ ಕಟ್ಟೆಯ ಮೇಲೆ ಇಟ್ಟಿದ್ದರು. ಒಂದು ಗೇಣು ರೀಲಿನ ತುದಿ ಅದರಿಂದ ಹೊರಗೆ ಕಾಣುತ್ತಿತ್ತು.

ಚಿತ್ತಾಪುರಕ್ಕೆ ಮರಳಿ ಬಂದು ಪಡಸಾಲೆ ಮುಗಿಸಿದೆ. ಆ ಹನ್ನೆರಡನ್ನು ಬೇರೆಯವರ ಕೈಗೆ ಕೊಡಲಿಲ್ಲ. ಹೊಸ್ತಿಲಿನಿಂದ ಒಳಬಾಗಿಲ ತನಕ, ಹಗ್ಗದಲ್ಲಿ ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ, ಗಚ್ಚು ಹಾಕಿ ನಾನೇ ಕೂಡಿಸಿದೆ. ಸೋಮವಾರ ಸ್ವಾಮಿಗಳು ಅದರ ಮೇಲೆ ನಡೆದು ಹೋದರು. ನೆಲ ಚೆನ್ನಾಗಿ ಬಂದಿದೆ ಅಂದರು.

ನಲವತ್ತು ದಿನ ಮುಗಿದ ಮೇಲೆ ಜೈತುನ್ಬೀ ಭಾಬಿ ಚಿತ್ತಾಪುರಕ್ಕೆ ಬಂದಳು. ದಸ್ತಗೀರ ಕಡೆಯ ಗಳಿಗೆಯಲ್ಲಿ ಯಾರಿಗೋ ಹೇಳಿದ್ದನಂತೆ, ಅವರು ಅವಳಿಗೆ ಹೇಳಿದ್ದರು.

"ತಮ್ಮಾ, ನಿನ್ನ ಹಂತ್ಯಾಕ ಹನ್ನೆರಡು ಕಲ್ಲು ಅವಂತ. ನನ್ನ ಮಗ ತಿರುಗಿ ನೋಡ್ಯಾನಂತ."

ಹಣಮಪ್ಪ ಅಲ್ಲೇ ಎತ್ತಿಗೆ ನೀರು ಕುಡಿಸುತ್ತಿದ್ದ. ತಲೆ ಎತ್ತಲಿಲ್ಲ. ಅವನು ಮೊದಲೇ ನನಗೆ ಹೇಳಿದ್ದ, "ನಾ ಖರೇನೂ ಹೇಳಂಗಿಲ್ಲ, ಸುಳ್ಳೂ ಹೇಳಂಗಿಲ್ಲ. ನೀವುಂಟು, ಆಕಿ ಉಂಟು."

ನನ್ನ ಬಾಯಿಂದ ಬಂದದ್ದು ಇದು. "ಭಾಬಿ, ತಪ್ಪಾತು. ಗೊತ್ತಿಲ್ಲದ ಕೂಲಿಯವರು ಪಡಸಾಲಿಗಿ ಹಾಸಿಬಿಟ್ಟಾರ. ಆದ್ರ ಗಚ್ಚು ಹಾಕಿಲ್ಲ, ನೀರು ಹಾಕಿಲ್ಲ. ಒಣ ಮಳಲಿನ ಮ್ಯಾಲ ಅವ. ಕೆಳಗ ಹಂಗs ಅದಾನ. ತೆಗದ್ರ ಒಡೀತಾವ."

ಅವಳು ನನ್ನ ಮುಖವನ್ನೇ ನೋಡಿದಳು. "ನೀ ನೋಡೀದೇನು?"

"ನೋಡೀನಿ."

"ಹೆಂಗದಾನ?"

"ನಗಲಿಕತ್ತಾನ," ಎಂದೆ.

ಮಹಾದೇವಮ್ಮನಿಗೆ ಅರ್ಧ ಮಾತ್ರ ಹೇಳಿ ಒಳಗೆ ಕರೆದುಕೊಂಡು ಹೋದೆ. ಭಾಬಿ ಚಪ್ಪಲಿ ಬಿಟ್ಟು, ಆ ಸಾಲಿನ ಪಕ್ಕ ಕುಂತಳು. ಕೈ ಮುಷ್ಟಿ ಮಾಡಿ ಕಲ್ಲಿನ ಮೇಲೆ ಮೆಲ್ಲಗೆ ಎರಡು ಸಲ ಬಡಿದಳು, ಒಳಗಿದ್ದವರನ್ನು ಕರೆದ ಹಾಗೆ. ಆಮೇಲೆ ಅಂಗೈ ಊರಿ ಮಧ್ಯಾಹ್ನದ ತನಕ ಕುಂತಳು. ಮಹಾದೇವಮ್ಮ ಮಜ್ಜಿಗೆ ತಂದುಕೊಟ್ಟಳು, ಏನೂ ಕೇಳಲಿಲ್ಲ. ಆ ಹೆಣ್ಣುಮಗಳು ದೊಡ್ಡ ಮನಸ್ಸಿನವಳು.

ಮುಂದಿನ ವರ್ಷ ಶ್ರಾವಣದಲ್ಲಿ ಭಾಬಿ ಮತ್ತೆ ಬಂದಳು. ಅದೇ ಜಾಗ, ಅದೇ ಕೈ. ನಾನು ಸ್ಟೇಷನ್ನಿಗೆ ಹೋಗಿ ಕರೆತರುವುದು, ಮತ್ತೆ ಹತ್ತಿಸಿ ಬರುವುದು. ಆ ವರ್ಷ ಹಣಮಪ್ಪನ ಮೇಲೂ ನಾನು ಒಮ್ಮೆಯೂ ಕೂಗಾಡಲಿಲ್ಲ. ಕೂಗಾಡದೆ ಇದ್ದರೆ ಕಲ್ಲಿನ ಮೇಲೆ ಗೆರೆ ಮರಳಿ ಬರುತ್ತದೆಯೇ? ಅದೂ ಇಲ್ಲ.

ಈ ವರ್ಷ ಮೂರನೆಯ ಸಲ ಬಂದಾಗ ಊರಲ್ಲೆಲ್ಲ ನಮ್ಮ ಸೀಮೆ ಮೈಸೂರಿಗೆ ಸೇರುವ ಮಾತೇ ಇತ್ತು. ಗಾಡಿಯಲ್ಲೂ ಅದೇ ಮಾತಂತೆ. ಭಾಬಿಗೆ ಮಂಡಿ ಹಿಡಿದುಕೊಂಡಿದೆ. ನನ್ನ ಹೆಗಲು ಹಿಡಿದು ಇಳಿದಳು. ಪಡಸಾಲೆಯಲ್ಲಿ ಕುಂತು, ಮೊದಲಿನಂತೆ ಎರಡು ಸಲ ಬಡಿದು, "ನೀನೂ ಕುಂದ್ರು," ಎಂದಳು.

ಕುಂತೆ.

"ಬಡಿ," ಎಂದಳು.

ಬಡಿದೆ.

"ಏನು ಸಪ್ಪಳ ಬಂತು?"

ಗೌಂಡಿಗೆ ಅದನ್ನು ಬೇರೆಯವರು ಹೇಳಬೇಕೇ? ಗಟ್ಟಿ ಸಪ್ಪಳ. ಗಚ್ಚು ಹಿಡಿದ ಕಲ್ಲಿನ ಸಪ್ಪಳ.

"ಮೂವತ್ತು ವರ್ಷ ಕಲ್ಲಿನವನ ಹೆಂಡ್ತಿ ನಾ," ಎಂದಳು. ದನಿ ಏರಲಿಲ್ಲ. "ಮಳಲಿನ ಮ್ಯಾಲ ಇದ್ದ ಕಲ್ಲು ಟೊಳ್ಳು ಅಂತದ. ಇದು ನೀರು ಕುಡದು ಕುಂತ ಕಲ್ಲು. ಮೊದಲ ದಿನಾನs ಗೊತ್ತಾತು ನನಗ."

"ಮತ್ತ್ಯಾಕ ಬರ್ತಿ ಭಾಬಿ?"

"ಬರದಿದ್ರ ಎಲ್ಲಿ ಹೋಗಿ ಕುಂದರ್ಲಿ? ಮಗಂದು ಗೋರಿ ಇಲ್ಲ. ಫೋಟೋ ಇಲ್ಲ. ಅಪ್ಪ ಅಂವನ ಮಾರಿ ಬರದದ್ದು ಈ ಕಲ್ಲಿನ ಮ್ಯಾಲಂತೂ ಖರೇ ಅದ."

ನಾನು ಅವಳ ಕಾಲು ಹಿಡಿದೆ. ಕಂಬಳಿ ಜಗ್ಗಿದ್ದು, ಹಣಮಪ್ಪನ ಬಾಯಿ ಮುಚ್ಚಿಸಿದ್ದು, ಎರಡು ಕೊಡ ನೀರು, ಎಲ್ಲ ಹೇಳಿದೆ. ನಗುತ್ತಿದ್ದ ಎಂದದ್ದು ಸುಳ್ಳು ಎಂದೂ ಹೇಳಿದೆ. ಬೈದಾಳು, ಉಗುಳಿಯಾಳು, ಅದಾದರೂ ಆಗಲಿ ಎಂದು ಕಾದೆ. ಮಹಾದೇವಮ್ಮ ಒಳಬಾಗಿಲಲ್ಲಿ ನಿಂತಿದ್ದಳು.

ಭಾಬಿ ಕಲ್ಲಿನ ಮೇಲೆ ಅಂಗೈ ಊರಿದಳು. ಆಮೇಲೆ ಕೇಳಿದಳು, "ನೀರು ಬೀಳೂ ಮುಂದ ಏನೂ ಕಾಣಲಿಲ್ಲೇನು? ಖರೇ ಹೇಳು. ಇನ್ನೊಂದು ಸುಳ್ಳು ಬ್ಯಾಡ."

"ಒಂದು ಗಳಿಗಿ ಕಂಡಿತ್ತು. ಕಿವಿ. ಕಿವಿ ಮುಂದ ಗಲ್ಲ. ಎಳಿ ಗಡ್ಡ, ನಾಕು ಗೀರು."

"ಯಾವ ಗಲ್ಲ?"

ಕಣ್ಣು ಮುಚ್ಚಿ ನೋಡಿಕೊಂಡೆ. "ಎಡದ್ದು."

"ಗಲ್ಲ ಕಂಡಿತ್ತು?"

"ಕಂಡಿತ್ತು."

"ಬೆನ್ನಲ್ಲ?"

"ಬೆನ್ನಲ್ಲ ಭಾಬಿ. ಗಲ್ಲ."

ಅವಳು ಕಲ್ಲಿನ ಮೇಲಿದ್ದ ಅಂಗೈ ತೆಗೆದು ತನ್ನ ಎಡಗಲ್ಲದ ಮೇಲೆ ಇಟ್ಟುಕೊಂಡಳು. ಕಲ್ಲು ತಣ್ಣಗಿತ್ತು, ಕೈಯೂ ತಣ್ಣಗಿದ್ದಿರಬೇಕು.

"ಹಂಗಾದ್ರ ತಿರುಗಲಿಕತ್ತಿದ್ದ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಮ್ಮಿ ಹೇಳು. ಮೊದಲಿಂದ ಹೇಳು, ಸಾವಕಾಶ."

ಹೇಳಿದೆ. ಗಾಡಿಯ ಹೊತ್ತಾಗುವ ತನಕ ನಾಲ್ಕು ಸಲ ಹೇಳಿಸಿಕೊಂಡಳು.